ಶಶಿಪ್ರಭಾಳ ಜರ್ಮನ್ ಪಾಠ

ಶಶಿಪ್ರಭಾಳ ಪಾಠ ಅಂದರೆ ಮೂಡಬಿದಿರೆಯ ಜಯವರ್ಮ ಮಾಸ್ತರಿಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಪ್ರಾಯದಲ್ಲಿ, ಬಸದಿಯ ಓಲೆಗರಿ ಓದಲು ಬಂದಿದ್ದ ಜರ್ಮನ್ ಪಂಡಿತನೊಬ್ಬನ ಪಕ್ಕ ಕೂತು ಆ ಭಾಷೆ ಕಲಿತವರು ಅವರು. ಊರಿಗೆಲ್ಲ ಜರ್ಮನ್ ಗೊತ್ತಿದ್ದದ್ದು ಅವರೊಬ್ಬರಿಗೇ. ಆ ತಪ್ಪಿಗೆ ಈಗ, ಸಾವಿರದ ಒಂಬೈನೂರ ಅರವತ್ತರ ದಶಕದಲ್ಲಿ, ಈ ಗ್ರಹಚಾರ!

ಶಶಿಪ್ರಭಾ ಮಡಂತ್ಯಾರಿನವಳು, ನರ್ಸಿಂಗ್ ಕಲಿತವಳು. ಜರ್ಮನಿಯ ಆಸ್ಪತ್ರೆಯೊಂದಕ್ಕೆ ನರ್ಸುಗಳನ್ನು ಆರಿಸಲು ಅಲ್ಲಿಯ ಮೇಡಂ ಒಬ್ಬರು ಮಂಗಳೂರಿಗೆ ಬರುವವರಿದ್ದರು. ಹವೆ ಹೇಗಿದೆ, ಮನಸ್ಸು ಹೇಗಿದೆ ಎಂದು ಅವರ ಭಾಷೆಯಲ್ಲಿ ನಾಲ್ಕು ಮಾತಾಡಿದರೆ ಸಾಕು, ಹಡಗು ಹತ್ತಿದ ಹಾಗೆಯೇ. ಅಣ್ಣ ಕಮಲಾಕ್ಷನೇ ಎಲ್ಲ ನಿಶ್ಚಯಿಸಿ, ತಾನೇ ಬಸ್ಸಿನಲ್ಲಿ ಕರೆತಂದು, ಪಾಠ ಮುಗಿಯುವವರೆಗೆ ಜಗಲಿಯಲ್ಲಿ ಕಾಯುತ್ತಿದ್ದ. ಆ ಹಾಳು ಬಸ್ಸು ಬರುವುದೇ ತಡ. ಜೈನರಾದ ಮಾಸ್ತರು ಹೊತ್ತು ಮುಳುಗುವ ಮೊದಲು ಊಟ ಮುಗಿಸಬೇಕು. ಒಳಗೆ ಹೆಂಡತಿ ವಸಂತಿ ಬಟ್ಟಲು ಸದ್ದು ಮಾಡಿದಷ್ಟೂ ಮಾಸ್ತರ ಪಿತ್ತ ನೆತ್ತಿಗೇರುತ್ತಿತ್ತು.

ಹವೆಯ ಬಗ್ಗೆ ಕೇಳಿದರೆ ಹುಡುಗಿ ಅರಳು ಹುರಿದ ಹಾಗೆ ಹೇಳುತ್ತಿದ್ದಳು. ಮಳೆ, ಬಿಸಿಲು, ಮೋಡ, ಒಂದೂ ತಪ್ಪಿಲ್ಲ. "ನೀವು ಹೇಗಿದ್ದೀರಿ?" ಎಂದರೆ ಮುಗಿಯಿತು! ಅಮ್ಮನಿಗೆ ಕೆಮ್ಮು ಕಮ್ಮಿ, ಅತ್ತಿಗೆ ಬಸುರಿ, ಅಣ್ಣನದು ಊಟ ಆಯಿತು.

"ಅಮ್ಮನ ಕೆಮ್ಮು ಕಟ್ಟಿಕೊಂಡು ಆ ಮೇಡಮ್ಮನಿಗೆ ಎಂತ ಆಗ್ಬೇಕು ಮಾರಾಯ್ತಿ? ನಿನ್ನದು ಹೇಳು, ನಿನ್ನದು! ಸಂತೋಷವಾ, ಬೇಸರವಾ, ಹೆದರಿಕೆಯಾ?"

"ಹಾಗೆಲ್ಲ ಹೇಗೆ ಹೇಳುವುದು ಮಾಸ್ಟ್ರೇ?"

"ಬಾಯಿಯಿಂದ!"

ಹೇಗಿದ್ದೀ ಎಂದರೆ ಮನೆಯವರ ಸುದ್ದಿ ಹೇಳುವುದೇ ಊರಿನ ರೂಢಿ, ಹೆಣ್ಣುಮಕ್ಕಳಂತೂ ತಮ್ಮ ಮನಸ್ಸನ್ನು ನಾಲ್ಕು ಜನರೆದುರು ಬಿಚ್ಚುವುದಿಲ್ಲ. ಇದು ಮಾಸ್ತರಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ರೇಗುತ್ತಿದ್ದರು.

ಮೇಡಂ ಬರುವ ಹಿಂದಿನ ದಿನವೂ ಅದೇ ರಗಳೆ. ಬಿಸಿಲು ಆಗಲೇ ಅಂಗಳ ದಾಟಿತ್ತು. ಸಾಕೋ ಸಾಕಾಗಿ ಮಾಸ್ತರು ಕೊನೆಯ ಸಲ ಕೇಳಿದರು. ಶಶಿಪ್ರಭಾ ಜಗಲಿಯ ಕಡೆ ನೋಡಿದಳು. ಅಣ್ಣನಿಗೆ ಜರ್ಮನ್‌ನ ಒಂದಕ್ಷರವೂ ತಿಳಿಯದು. ಆಮೇಲೆ ಆ ಭಾಷೆಯಲ್ಲೇ, ಒಂದಿಷ್ಟೂ ತಡವರಿಸದೆ ಹೇಳಿದಳು: ಇವತ್ತು ಹವೆ ಚೆನ್ನಾಗಿದೆ. ನನಗೆ ಬೇಸರವಾಗಿದೆ. ಹೆದರಿಕೆಯಾಗಿದೆ. ನನಗೆ ಹೋಗಲು ಇಷ್ಟವಿಲ್ಲ.



ಕಮಲಾಕ್ಷ ಖುಷಿಯಿಂದ ಎದ್ದು ಬಂದ. "ಭಾರಿ ಚಂದ ಹೇಳಿದಳಲ್ಲ ಮಾಸ್ಟ್ರೇ! ಎಂತ ಹೇಳಿದ್ದು?"

ಚೆನ್ನಾಗಿದ್ದೇನೆ ಅಂದಳು ಎಂದುಬಿಟ್ಟರೆ ಆಗಿತ್ತು. ಒಳಗೆ ಊಟ ಆರುತ್ತಿತ್ತು. ಆದರೆ ಇಷ್ಟು ದಿನ ಬೈದು ಬೈದು ಹೊರಡಿಸಿದ ಮಾತನ್ನು ನುಂಗಲು ಮಾಸ್ತರಿಗೆ ಆಗಲಿಲ್ಲ.

"ಅವಳಿಗೆ ಹೋಗ್ಲಿಕ್ಕೆ ಮನಸ್ಸಿಲ್ಲ, ಕಮಲಾಕ್ಷ."

"ಎಂತ?" ಅಣ್ಣ ತಂಗಿಯ ಕಡೆ ತಿರುಗಿದ. "ಇಷ್ಟು ದಿನ ಬಾಯಿಗೆ ಎಂತ ಆಗಿತ್ತು ನಿನಗೆ? ನನ್ನ ಹತ್ತಿರ ಒಂದು ಮಾತು ಹೇಳ್ಬಾರದಿತ್ತಾ?"

ಶಶಿಪ್ರಭಾ ಈಗ ಮನೆಮಾತಾದ ತುಳುವಿನಲ್ಲೇ ಹೇಳಿದಳು. "ಹೇಗಿದ್ದೀ ಅಂತ ನನ್ನನ್ನು ಕೇಳಿದ್ದು ಮಾಸ್ಟ್ರು ಒಬ್ಬರೇ, ಅಣ್ಣ."