ಬಣ್ಣ ಹೊಡೆಯದ ಗೇಣು

ಬೇರೆಯವರು ಬೀಡಿ ಸಿಕ್ಕಿಸಿಕೊಳ್ಳುವ ಕಿವಿಸಂದಿಯಲ್ಲಿ ಮೇಸ್ತ್ರಿಯದು ಸೀಮೆಸುಣ್ಣ. ಎಡಗಿವಿ, ಅದರ ಮೇಲಿನ ಕೂದಲು ಎರಡೂ ಸದಾ ಬೆಳ್ಳಗಿರುತ್ತಿದ್ದವು. ಸಿಂಧಘಟ್ಟದ ರಸ್ತೆಬದಿಯಲ್ಲಿ ಟ್ರೇಲರು ರಿಪೇರಿ ಮಾಡುತ್ತಿದ್ದ ನಮ್ಮ ಮೇಸ್ತ್ರಿ ಮನುಷ್ಯರನ್ನು ಅರ್ಧ ನಂಬುತ್ತಿದ್ದರು, ಕಬ್ಬಿಣವನ್ನು ಅಷ್ಟೂ ನಂಬುತ್ತಿರಲಿಲ್ಲ. ಹೊಸ ಬಣ್ಣದ ಕಬ್ಬಿಣ ಕಂಡರಂತೂ ಕಣ್ಣು ಕಿರಿದಾಗುತ್ತಿತ್ತು. "ಯಾಕಿಷ್ಟು ಅಲಂಕಾರ? ಏನೋ ಮುಚ್ಚಿಕ್ಕೊಂಡದೆ ಕಣ್ಲಾ," ಎನ್ನುತ್ತಿದ್ದರು.

ನನಗೂ ಅವರ ಮೇಲೆ ಅನುಮಾನವೇ. ಮೈಸೂರಿನ ಕಂಪನಿಯೊಂದರಲ್ಲಿ, ಲೋಹದ ಭಾಗಗಳು ಎಷ್ಟು ಕಾಲ ಬಾಳುತ್ತವೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಸುತ್ತಿಗೆಯಿಂದ ಟಣ್ ಎನ್ನಿಸಿ, ಕಿವಿಗೊಟ್ಟು, "ಇದು ದಣಿದದೆ" ಎನ್ನುವ ಅವರು ಬುರುಡೆ ಬಿಡುತ್ತಾರೆಂದೇ ತಿಳಿದಿದ್ದೆ.

ಆ ವರ್ಷ ಆಯುಧಪೂಜೆಗೆ ನನ್ನ ತಮ್ಮ ಟ್ರೇಲರಿಗೆ ಹೊಸ ಬಣ್ಣ ಹೊಡೆಸಿದ್ದ. ಮಾಕವಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಮೊದಲ ಲೋಡು ಹೋಗಬೇಕಿತ್ತು. ಆಕ್ಸಲ್ಲು ಇನ್ನೂ ಆರು ವರ್ಷ ಬರುತ್ತದೆಂದು ನಾನೇ ಲೆಕ್ಕ ಹಾಕಿ ಹೇಳಿದ್ದೆ. ಕಬ್ಬು ತುಂಬಲು ಗದ್ದೆಗೆ ಹೊರಟ ಗಾಡಿಯನ್ನು ಮೇಸ್ತ್ರಿ ಅಡ್ಡ ನಿಂತು ತಡೆದರು.

"ನಿನ್ ಲೆಕ್ಕಕ್ಕೆ ಖಾಲಿ ವಾಪಸ್ ಬರೋದ್ನೂ ಸೇರ್ಸಿದ್ಯೇನ್ಲಾ ಇಂಜಿನಿಯರು?"

"ಖಾಲೀಲಿ ಏನ್ ಭಾರ ಇರ್ತದೆ ಮೇಸ್ತ್ರಿ?"

"ತುಂಬಿದ್ರೆ ಬಗ್ತದೆ, ತಿರುವಲ್ಲಿ ತಿರುಚ್ತದೆ, ಖಾಲಿ ಬಂದ್ರೆ ಕುಣೀತದೆ. ಮೂರೂ ಒಂದೇ ಕಬ್ಣದ್ ಮೇಲೆ ಕಣ್ಲಾ!"

ನಾನು ಲೆಕ್ಕಕ್ಕೆ ಹಿಡಿದದ್ದು ಮೊದಲನೆಯದನ್ನು ಮಾತ್ರ.

ಅವರು ಚಕ್ರದ ಪಕ್ಕ ಆಕ್ಸಲ್ಲಿನ ಮೇಲಿನ ಬಣ್ಣವನ್ನು ಗೇಣುದ್ದ ಕೆರೆದರು. "ಪೂಜೆಗೆ ಹೊಡ್ಸಿದ್ದು ಮೇಸ್ತ್ರಿ, ಕೆರೀಬ್ಯಾಡಿ!" ಎಂದು ತಮ್ಮ ಹಾರಾಡಿದ. ಅವರು ಸೀಮೆಎಣ್ಣೆ ಸವರಿ, ಒರೆಸಿ, ಕಿವಿಯ ಮೇಲಿನ ಸೀಮೆಸುಣ್ಣ ತೆಗೆದು ತಿಕ್ಕಿ, ಕುಕ್ಕರುಗಾಲಲ್ಲಿ ಕೂತು ಕಾದರು. ಸ್ವಲ್ಪ ಹೊತ್ತಿಗೆ ಬಿಳಿಯ ಮೇಲೆ ಕೂದಲೆಳೆಯಂಥ ಗೆರೆಯೊಂದು ಒದ್ದೆಯಾಗಿ ಮೂಡಿತು. ಬಿರುಕು. ಸೀಮೆಎಣ್ಣೆ ಒಳಗಿಳಿದು ಈಗ ಹೊರಬರುತ್ತಿತ್ತು. ಆ ಗಾಡಿ ಓಡಿಸಬೇಕಾದವನು ನನ್ನ ತಮ್ಮ. ಮೇಸ್ತ್ರಿ ಆಡಿಕೊಳ್ಳಲಿಲ್ಲ. "ಆ ಕಡೇದೂ ತೋರ್ಸು," ಎಂದರು, ಅಷ್ಟೇ. ಆಕ್ಸಲ್ಲು ಬದಲಾಗುವ ತನಕ ಲೋಡು ಹೋಗಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಕೊನೆಗೆ ಆಸ್ಪತ್ರೆಯಲ್ಲಿ ಕಂಡಾಗ ಮಂಚದ ಕಂಬಿಯನ್ನು ಬೆರಳಿನಿಂದ ತಟ್ಟಿ, "ಬಣ್ಣ ಹೊಡ್ದವ್ರೆ, ನೋಡ್ಕೊ," ಎಂದಿದ್ದರು. ನಗು ಬಂತು, ಅಳುವೂ ಬಂತು.

ಈ ಸಲದ ಪೂಜೆಗೂ ತಮ್ಮ ಟ್ರೇಲರಿಗೆ ಬಣ್ಣ ಹೊಡೆಸಿದ, ಚಕ್ರಗಳ ಪಕ್ಕ ಒಂದೊಂದು ಗೇಣು ಬಿಟ್ಟು. ಆ ಬೋಳು ಜಾಗ ನೋಡಲಾಗದೆ ಬಣ್ಣದವನು ಮತ್ತೆ ಬ್ರಷ್ಷೆತ್ತಿದ. "ಅದ್ನ ಬುಡ್ಲಾ, ಮೇಸ್ತ್ರಿ ನೋಡ್ಬೇಕು," ಎಂದ ತಮ್ಮ, ಅಂದದ್ದೇ ನನ್ನ ಕಡೆ ತಿರುಗಿದ.

ನಾನು ಜೇಬಿನಿಂದ ಸೀಮೆಸುಣ್ಣ ತೆಗೆದು ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತೆ.