ಬಳೆ ಗೀರಿದ ಗೆರೆ

ಬೆಳಗಿನ ಐದೂವರೆ. ಬಳ್ಳಾರಿಯ ಕಾಲೇಜೊಂದರ ಹಿಂಭಾಗದ ಕತ್ತಲೆ ಕೋಣೆಯಲ್ಲಿ ಚನ್ನವೀರಮ್ಮ ಪ್ರೊಜೆಕ್ಟರಿಗೆ ರೀಲು ಏರಿಸುತ್ತಾರೆ. ಬಿಸಿಲೇರಿದರೆ ಕರೆಂಟಿನ ಭರವಸೆಯಿಲ್ಲ, ಅದಕ್ಕೇ ಈ ಹೊತ್ತು. ಬಿಳಿ ಮೇಜಿನ ಮೇಲೆ ಕಿಡಿಗಳನ್ನು ಪೋಣಿಸಿದಂತಹ ಗೆರೆಗಳು ಮೂಡುತ್ತವೆ. ಅವರ ಮುಂಗೈಗಳಿಗೆ ಹಳೆ ಸೀರೆಯಿಂದ ಹೊಲಿದ ಪಟ್ಟಿ. ಅದಿಲ್ಲದೆ ಅವರು ರೀಲು ಮುಟ್ಟುವುದಿಲ್ಲ.

ಹೊರದೇಶದಲ್ಲಿ ಅಣುವಿಗಿಂತ ಸಣ್ಣ ಕಣಗಳನ್ನು ಎದುರುಬದುರು ಓಡಿಸಿ ಡಿಕ್ಕಿ ಹೊಡೆಸುತ್ತಾರೆ. ಸಿಡಿದ ಚೂರುಗಳು ಓಡಿದ ದಾರಿಯನ್ನು ಎರಡು ಕ್ಯಾಮೆರಾಗಳು ಹಿಡಿಯುತ್ತವೆ. ಆ ಫೋಟೋಗಳ ಒಂದು ಪಾಲು ಇಲ್ಲಿಗೆ ಬರುತ್ತದೆ. ದಿನಕ್ಕೆ ನೂರಿಪ್ಪತ್ತು ಚಿತ್ರ ನೋಡಿ, ಗೆರೆ ಎಣಿಸಿ, ವಿಚಿತ್ರವಾದ ಕವಲು ಕಂಡರೆ ಗುರುತು ಹಾಕುವುದು ಇವರ ಕೆಲಸ. ಅದು ಯಾರೂ ಕಂಡಿರದ ಹೊಸ ಕಣದ ಜಾಡಿರಬಹುದು.

“ಅಕ್ಕಿಯಾಗ ಕಲ್ಲು ಆರಿಸಿದಂಗ ರೀ. ಆದ್ರ ಇಲ್ಲಿ ಕಲ್ಲು ಸಿಕ್ರ ಹಬ್ಬ,” ಎಂದು ನಗುತ್ತಾರೆ.

ಕುರುಗೋಡಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಬಳ್ಳಾರಿಯ ಕೌಲ್ ಬಜಾರಿಗೆ ಸೊಸೆಯಾಗಿ ಬಂದವರು. ನಾಲ್ಕು ವರ್ಷದಿಂದ ಇಲ್ಲಿ ತಾತ್ಕಾಲಿಕ ನೌಕರಿ. ಹೋದ ವರ್ಷ, ಎಂಬತ್ತಮೂರರ ಶ್ರಾವಣದಲ್ಲಿ, ಒಂದು ಚಿತ್ರದಲ್ಲಿ ಬಿಲ್ಲಿನಂತೆ ಬಾಗಿದ ಕವಲು ಅವರ ಕಣ್ಣಿಗೆ ಬಿತ್ತು. ಮುಖ್ಯಸ್ಥ ತಿಪ್ಪೇರುದ್ರಪ್ಪ ಮೇಷ್ಟ್ರು ಮೂರು ದಿನ ಅದನ್ನೇ ಅಳೆದರು. “ಇದು ಖರೆ ಆದ್ರ ನಿಮ್ಮ ನೌಕ್ರಿ ಕಾಯಂ ಆತಂತ ತಿಳ್ಕೊಳ್ರಿ ಚನ್ನವೀರಮ್ಮ,” ಎಂದರು.

ಎರಡನೆಯ ಕ್ಯಾಮೆರಾದ ರೀಲು ಬರಲು ಮೂರು ವಾರ ಹಿಡಿಯಿತು. ನಿಜವಾದ ಗೆರೆ ಎರಡರಲ್ಲೂ ಇರಬೇಕು. ಇದರಲ್ಲಿ ಆ ಕವಲು ಇರಲಿಲ್ಲ. ಪಾರ್ಸಲ್ಲಿನಲ್ಲೇ ಎಲ್ಲೋ ಮೊದಲನೆಯದಕ್ಕೆ ಗೀರು ಬಿದ್ದಿರಬೇಕೆಂದು ಮೇಷ್ಟ್ರು ನಿಟ್ಟುಸಿರಿಟ್ಟರು. ಮಾತು ಅಲ್ಲಿಗೇ ಮುಗಿಯಬಹುದಿತ್ತು. ಚನ್ನವೀರಮ್ಮ ಮೊದಲ ರೀಲನ್ನು ಬೆಳಕಿಗೆ ಹಿಡಿದು ತಮ್ಮ ಮುಂಗೈಯನ್ನು ಪಕ್ಕಕ್ಕೆ ತಂದರು. ಹಬ್ಬಕ್ಕೆ ತೊಟ್ಟ ಹೊಸ ಗಾಜಿನ ಬಳೆಯೊಂದರ ಅಂಚಿನಲ್ಲಿ ಚಕ್ಕೆ ಎದ್ದಿತ್ತು.

“ಸರ್, ಇದು ನನ್ನ ಕೈಬಳಿ ಗೀರಿದ್ದು.”

ನೌಕರಿ ಹೋಯಿತೆಂದೇ ತಿಳಿದಿದ್ದರು. ಹೋಗಲಿಲ್ಲ. ಕಾಯಂ ಆಗುವ ಮಾತೂ ಮತ್ತೆ ಬರಲಿಲ್ಲ. ಬಾಗಿಲಿಗೆ ಮಾತ್ರ ಒಂದು ಚೀಟಿ ಬಂತು: ಒಳಗೆ ಬಳೆ ತೊಡಬಾರದು.

ಮನೆಯಲ್ಲಿ ಅತ್ತೆ ಅಕ್ಕನಾಗಮ್ಮ ಸಿಡಿದರು. “ಬರಿಗೈಲೆ ಕುಂದ್ರಾಕ ನನ್ನ ಮಗಗ ಏನಾಗೈತಿ? ಗುಂಡುಕಲ್ಲಿನಂಗ ಅದಾನ! ಹಂಗಿದ್ರ ಆ ನೌಕ್ರಿನ ಬ್ಯಾಡ.”

“ಎರಡು ದಿನ ಊಟ ಸೇರ್ಲಿಲ್ರಿ,” ಎನ್ನುತ್ತಾರೆ ಚನ್ನವೀರಮ್ಮ. “ಆ ಕತ್ತಲಿ ಕೋಣಿಯಾಗ ನೀರು ತಾ, ಚಾ ತಾ ಅಂತ ಯಾರೂ ಕರಿಯಂಗಿಲ್ಲ. ನಾನು, ಆ ಗೆರಿ, ಇಬ್ರ. ಅದನ್ನ ಬಿಡಾಕ ಮನಸು ಬರ್ಲಿಲ್ಲ.”

ಮೂರನೆಯ ಬೆಳಿಗ್ಗೆ ಬುತ್ತಿಯ ಜೊತೆ ಈ ಪಟ್ಟಿಗಳಿದ್ದವು. ಬಳೆಗಳ ಮೇಲೆ ಬಿಗಿಯಾಗಿ ಕೂರುವಂತೆ ಅತ್ತೆಯೇ ಹೊಲಿದಿದ್ದರು. “ಬಳಿ ಇರಲಿ, ಗೀರೂ ಬ್ಯಾಡ. ಹೋಗು, ನಿನ್ನ ಕಲ್ಲು ಆರಿಸು,” ಎಂದರಂತೆ. ಮೇಷ್ಟ್ರು ಪಟ್ಟಿಯನ್ನು ಮುಟ್ಟಿ ನೋಡಿ, ಬಾಗಿಲಿನ ಚೀಟಿ ಕಿತ್ತರು.

ಇಲ್ಲಿಯವರೆಗೆ ಲಕ್ಷ ಚಿತ್ರ ದಾಟಿದೆ. ಹೊಸ ಕಣ ಸಿಕ್ಕಿಲ್ಲ.

“ನನ್ನ ಮೇಜಿಗೇ ಬರಬೇಕಂತಿಲ್ರಿ, ಎಲ್ಲೋ ಯಾರಿಗೋ ಸಿಗಲಿ,” ಎನ್ನುತ್ತಾ ಮುಂದಿನ ಚಿತ್ರ ತಿರುಗಿಸುತ್ತಾರೆ. “ಏನೂ ಇಲ್ಲ ಅಂತ ನಾನು ಬರದು ಕಳಿಸಿದ ಚಿತ್ರದಾಗ ಮಾತ್ರ ಅದು ಕುಂತಿರಬಾರ್ದು, ಅಷ್ಟ.”