ಎಲ್ಲರಿಗೂ ಒಂದೇ ಹೆಸರು

ನನ್ನ ಗೆಳೆಯ ಪ್ಯೊ ಇನ್‌ಸೊಕ್ ತೀರಿಕೊಂಡು ವರ್ಷವಾಯಿತು. ನಮ್ಮ ಜೊಂಜು ನಗರದ ಕಾಲೇಜುಗಳಲ್ಲಿ ಫ್ರಾನ್ಸಿನ ಇತಿಹಾಸ ಕಲಿಸುತ್ತಲೇ ತಲೆ ನರೆತರೂ ಅವನಿಗೆ ಕಾಯಂ ಹುದ್ದೆ ಸಿಗಲಿಲ್ಲ.

ನಾವು ಓದುವಾಗ ಬೀದಿಯಲ್ಲಿ ಅಶ್ರುವಾಯು ಸಿಡಿಯುತ್ತಿತ್ತು; ಎಲ್ಲರೂ ಫ್ರೆಂಚ್ ಕ್ರಾಂತಿಯ ಬೆನ್ನು ಹತ್ತಿದವರೇ. ಆಮೇಲೆ ಗಾಳಿ ತಿರುಗಿತು. ನಾನು ಫ್ರಾನ್ಸಿನ ವಸಾಹತುಗಳತ್ತ ಹೊರಳಿ ಪ್ರೊಫೆಸರ್ ಆದೆ. ನಮ್ಮ ನಂತರದವರು ನೆನಪು, ಊಟ, ಹವಾಮಾನ ಎಂದರು. ಇನ್‌ಸೊಕ್ ಮಾತ್ರ ಕ್ರಾಂತಿಯನ್ನು ಬಿಡಲಿಲ್ಲ.

“ರಾಜನಿಂದ ಹಿಡಿದು ರೊಟ್ಟಿ ಸುಡೋನವರೆಗೆ ಎಲ್ಲರನ್ನೂ ‘ನಾಗರಿಕ’ ಅಂತ ಒಂದೇ ಹೆಸರಲ್ಲಿ ಕರೆದ್ರು ಕಣೋ. ಅದಕ್ಕಿಂತ ದೊಡ್ಡದು ಇನ್ನೇನಿದೆ?” ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದ.

ನಿನ್ನೆ ಅವನ ತಿಥಿ. ಪೇರಳೆ, ಮೀನು, ಅನ್ನ ಎಡೆಗೆ ಸಿದ್ಧವಾಗಿದ್ದವು. ಸತ್ತವರನ್ನು ಅವರ ಹುದ್ದೆ ಹೇಳಿ ಆವಾಹಿಸುವ ಕಾಗದ ಬರೆಯಲು ಅವನ ಅಣ್ಣ ಕುಂಚ ಹಿಡಿದು ಕುಳಿತರು.

“ದೊಡ್ಡಪ್ಪಾ, ‘ಪ್ರೊಫೆಸರ್’ ಅಂತ ಬರೀರಿ. ಕ್ಲಾಸಲ್ಲಿ ಎಲ್ರೂ ಅಪ್ಪನ್ನ ಹಾಗೇ ಕರೀತಿದ್ರು” ಎಂದಳು ಇನ್‌ಸೊಕ್‌ನ ಮಗಳು ಸೊಲ್.

“ಕರೆದುಬಿಟ್ರೆ ಆಯ್ತೇನಮ್ಮ? ಹುದ್ದೆ ಇಲ್ದೆ ಸತ್ತೋರಿಗೆಲ್ಲ ‘ವಿದ್ಯಾರ್ಥಿ’ ಅಂತಲೇ ಬರೆಯೋದು. ನಿಮ್ಮ ತಾತನಿಗೂ ಅದೇ ಬರೆದಿದ್ದು.”

ನನಗೆ ಮೈ ಉರಿದುಹೋಯಿತು. ಆಯುಷ್ಯವಿಡೀ ಪಾಠ ಹೇಳಿದವನು ವಿದ್ಯಾರ್ಥಿಯೇ?

“ನೀವು ಪ್ರೊಫೆಸರ್ ಅಲ್ವಾ ಅಂಕಲ್, ನೀವಾದ್ರೂ ಹೇಳಿ” ಎಂದು ಸೊಲ್ ನನ್ನತ್ತ ತಿರುಗಿದಳು.

ಏನೆಂದು ಹೇಳಲಿ? ಎಲ್ಲರಿಗೂ ಒಂದೇ ಹೆಸರು. ಅವನು ಕೊನೆಯವರೆಗೂ ಕೊಂಡಾಡಿದ್ದು ಅದನ್ನೇ ತಾನೆ? “ನಿಮ್ಮಪ್ಪನಿಗೆ ಇದೇ ಇಷ್ಟ ಆಗ್ತಿತ್ತಮ್ಮ” ಎಂದೆ.

“ಇಲ್ಲ” ಎಂದಳು ಸೊಲ್. “ಆಸ್ಪತ್ರೇಲಿ ಮಾತು ನಿಲ್ಲೋವರೆಗೂ ಕೇಳ್ತಾನೇ ಇದ್ರು, ಕಾಲೇಜಿಂದ ಫೋನ್ ಏನಾದ್ರೂ ಬಂತಾ ಅಂತ.”